ಹಾರದ ಈಸುಳ್ಳಿಗಳ ಮೇಷ್ಟ್ರು

ನಮ್ಮ ಬಿ.ಎಸ್ಸಿ. ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂದಾಗ ನಾನು ದೊಡ್ಡೇರಿ ಕಡೆಯ ಒಂದು ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ. ಪ್ರಾಣಿಶಾಸ್ತ್ರದ ಮೇಷ್ಟ್ರು ಹೋದರಂತೆ. ಹಿಂದೆಯೇ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. 'ಮಹಾನ್ ಚೇತನ' ಎಂದು ಒಬ್ಬ, 'ನಮಗೆ ರೆಕ್ಕೆ ಕೊಟ್ಟ ಗುರು' ಎಂದು ಇನ್ನೊಬ್ಬ. ಹೀಗೆ ಬರೆದವನು ಅವರ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಮೇಲೆ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ವಿದ್ಯೆ ಕಲಿತವನು. ಎಲ್ಲರೂ ಸರ್ ಬಗ್ಗೆ ಎರಡೆರಡು ಸಾಲು ಬರೆಯಬೇಕು, ಶ್ರದ್ಧಾಂಜಲಿ ಸಭೆಯಲ್ಲಿ ಓದುತ್ತೇವೆ ಎಂದು ಗುಂಪಿನ ಯಜಮಾನ ಅಪ್ಪಣೆ ಮಾಡಿದ. ನಾನು ಉಪ್ಪಿಟ್ಟು ಮುಗಿಸಿದೆ. ಎರಡು ಸಾಲಿನಲ್ಲಿ ಮುಗಿಯುವಷ್ಟು ಸಣ್ಣ ಸಿಟ್ಟಲ್ಲ ನನ್ನದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಧುಗಿರಿಯಲ್ಲಿ ಬೆಟ್ಟದ ಮಗ್ಗುಲಿಗೆ ಅವರ ಮನೆ. ಗೇಟಿನ ಕಲ್ಲಿನಲ್ಲಿ ಹೆಸರು ಕೆತ್ತಿಸಿದ್ದರು. ಹೆಸರಿನ ಮುಂದೆ ಎಂ.ಎಸ್ಸಿ., ಅದರ ಮುಂದೆ ಕಂಸದೊಳಗೆ ಪಿಎಚ್.ಡಿ. ಕಂಸ ಏಕೆಂದರೆ ಪ್ರಬಂಧ ಇನ್ನೂ ಮುಗಿದಿರಲಿಲ್ಲ. ನಾನು ಕಾಲೇಜು ಸೇರಿದಾಗಲೂ ಮುಗಿದಿರಲಿಲ್ಲ, ನನ್ನ ಮಗಳು ಶಾಲೆಗೆ ಸೇರಿದಾಗಲೂ ಮುಗಿದಿರಲಿಲ್ಲ. ಕಲ್ಲು ಕೆತ್ತುವವನಿಗೆ ಕಂಸ ಹಾಕಲು ಹೇಳಿದ ಮನುಷ್ಯ ನನಗೆ ಗೊತ್ತಿರುವಂತೆ ಇವರೊಬ್ಬರೇ. ಅಷ್ಟಾದರೂ ಯಾರಾದರೂ 'ಡಾಕ್ಟ್ರೇ' ಎಂದರೆ ಓಗೊಡುತ್ತಿದ್ದರು. ಒಮ್ಮೆ ಕೊರಟಗೆರೆ ಬಸ್ಸಿನಲ್ಲಿ ಒಬ್ಬ ಹೆಂಗಸು ಜ್ವರದ ಮಗುವನ್ನು ಅವರ ಮುಂದೆ ಹಿಡಿದು, "ಡಾಕ್ಟ್ರೇ, ಒಸಿ ನೋಡಿ ಬುದ್ಧಿ" ಎಂದಾಗ ಇವರು ಮಗುವಿನ ನಾಲಿಗೆ ಚಾಚಿಸಿ ನೋಡಿ, "ಬಿಸಿನೀರು ಕುಡ್ಸಿ" ಎಂದು ಗಂಭೀರವಾಗಿ ಹೇಳಿದ್ದನ್ನು ನಾನು ಹಿಂದಿನ ಸೀಟಿನಿಂದ ಕಣ್ಣಾರೆ ಕಂಡಿದ್ದೇನೆ. ಅವರ ಪ್ರಬಂಧದ ವಿಷಯ ಕೀಟಗಳಲ್ಲಿ ಹಾರುವ ಸ್ನಾಯುಗಳ ಬೆಳವಣಿಗೆ.

ಮೂಲ ಪಾವಗಡದ ಆಚೆಯವರು. ಮಾತು ಕನ್ನಡದಲ್ಲಿ ಶುರುವಾಗಿ, ಯಾರಾದರೂ ಕೆಲಸ ಹೇಳಿದ ಕೂಡಲೇ ತೆಲುಗಿಗೆ ಜಾರುತ್ತಿತ್ತು. "ಚೂದ್ದಾಂ, ಚೂದ್ದಾಂ." ನೋಡೋಣ ಎಂದರ್ಥ. ಲ್ಯಾಬಿನ ನಲ್ಲಿ ಸೋರುತ್ತಿದೆ ಸರ್ ಎಂದರೆ ಚೂದ್ದಾಂ. ಪ್ರಾಕ್ಟಿಕಲ್ ಯಾವಾಗ ಸರ್ ಎಂದರೆ ಚೂದ್ದಾಂ. ನಾನು ಅವರ ಬಾಯಿಂದ ಕಲಿತ ತೆಲುಗು ಅದೊಂದೇ, ಅದರ ನಿಜವಾದ ಅರ್ಥ 'ಮಾಡುವುದಿಲ್ಲ' ಎಂಬುದು ಗೊತ್ತಾಗಲು ನನಗೆ ಮೂರು ವರ್ಷ ಹಿಡಿಯಿತು.

ಕ್ಲಾಸಿನಲ್ಲಿ ನೋಟ್ಸ್ ಹೇಳಿ ಬರೆಸುತ್ತಿದ್ದರು. ಯಾವುದೋ ಒಳ್ಳೆಯ ಪುಸ್ತಕದಿಂದ ಎತ್ತಿದ ನೋಟ್ಸ್ ಇರಬೇಕು, ಏಕೆಂದರೆ ಅದರಲ್ಲಿ ಹುರುಳಿತ್ತು. ಕಂಬಳಿಹುಳು ಗೂಡು ಕಟ್ಟಿಕೊಂಡ ಮೇಲೆ ಅದರ ತೆವಳುವ ಸ್ನಾಯುಗಳಲ್ಲಿ ಬಹಳಷ್ಟು ಒಳಗೇ ಕರಗಿಹೋಗುತ್ತವೆ, ಹಾರುವ ಸ್ನಾಯುಗಳು ಅಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಗೆದ್ದಲಿನದು ಬೇರೆ ದಾರಿ. ಅದಕ್ಕೆ ಗೂಡಿನ ನಿದ್ದೆಯಿಲ್ಲ. ಹಾರಬೇಕಾದ ಮರಿಗಳ ಬೆನ್ನ ಮೇಲೆ ಮೊದಲು ರೆಕ್ಕೆಯ ಮೊಗ್ಗು ಮೂಡುತ್ತದೆ, ಪೊರೆ ಬಿಟ್ಟಂತೆಲ್ಲ ಮೊಗ್ಗು ದೊಡ್ಡದಾಗುತ್ತದೆ, ಅದರ ಅಡಿಯಲ್ಲಿ ಸ್ನಾಯು ಬಲಿಯುತ್ತದೆ. ಹುತ್ತದ ಕತ್ತಲಲ್ಲಿ ಒಮ್ಮೆಯೂ ಹಾರದೆ, ಹಾರುವುದಕ್ಕೆ ಬೇಕಾದದ್ದೆಲ್ಲ ಸಿದ್ಧವಾಗುತ್ತದೆ. ಇದನ್ನು ಬರೆದುಕೊಳ್ಳುತ್ತಿದ್ದಾಗ ನನಗೆ ಮೈ ಜುಮ್ಮೆಂದಿತ್ತು. ನಮ್ಮ ಮನೆಯಲ್ಲಿ ಹುರಿದು ತಿನ್ನುವ ಹುಳು ಅದು, ಅದರೊಳಗೆ ಇಷ್ಟೆಲ್ಲ ನಡೆಯುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅದರ ಕೀರ್ತಿ ಆ ಪುಸ್ತಕ ಬರೆದವರಿಗೆ ಹೋಗಲಿ.

ಹಾರುವುದು ಹೇಗೆಂದು ತೋರಿಸಲು ಮೇಷ್ಟ್ರು ಎರಡೂ ತೋಳು ಬಡಿದರು, ಸಫಾರಿ ಅಂಗಿಯ ಕಂಕುಳು ಹರಿಯುವ ಹಾಗೆ. ನೋಟ್ಸಿನಲ್ಲಿ ಇದ್ದದ್ದು ಬೇರೆ. ದೊಡ್ಡ ಸ್ನಾಯುಗಳು ರೆಕ್ಕೆಗೆ ಅಂಟಿರುವುದಿಲ್ಲ, ಎದೆಯ ಗೂಡಿಗೆ ಅಂಟಿರುತ್ತವೆ ಎಂದಿತ್ತು. ನಾನು ಎದ್ದುನಿಂತು, "ಸರ್, ರೆಕ್ಕೆಗೆ ಅಂಟಿಲ್ಲ ಅಂದ್ರೆ ರೆಕ್ಕೆ ಹೆಂಗೆ ಬಡಿಯುತ್ತೆ?" ಎಂದು ಕೇಳಿದೆ. ಎದೆಯ ಗೂಡು ಕುಗ್ಗಿ ಉಬ್ಬಿದರೆ ಅದರ ಅಂಚಿನಲ್ಲಿರುವ ರೆಕ್ಕೆ ತಾನಾಗಿ ಮೇಲೆ ಕೆಳಗೆ ಆಡುತ್ತದೆ, ಇಷ್ಟೇ ಉತ್ತರ. ನಾನು ಈಗ ಎಂಟನೇ ಕ್ಲಾಸಿನ ಮಕ್ಕಳಿಗೆ ಊಟದ ಡಬ್ಬಿಯ ಮುಚ್ಚಳ ಅದುಮಿ ತೋರಿಸುತ್ತೇನೆ. ಮೇಷ್ಟ್ರು ಅವತ್ತು ತೋಳು ಇಳಿಸಿ, ಕನ್ನಡಕ ಒರೆಸಿಕೊಂಡು, "ಅದು ಪರೀಕ್ಷೆಗೆ ಬರಲ್ಲ ಕಣಮ್ಮ" ಎಂದರು. ಗೊತ್ತಿಲ್ಲದ್ದೆಲ್ಲ ಅವರ ಪಾಲಿಗೆ ಪರೀಕ್ಷೆಗೆ ಬಾರದ್ದು.

ನಮ್ಮ ಊರು ಪುರವರದ ಹತ್ತಿರ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ಏಳುವ ರೆಕ್ಕೆಯ ಗೆದ್ದಲಿಗೆ ನಮ್ಮಲ್ಲಿ ಈಸುಳ್ಳಿ ಎನ್ನುತ್ತೇವೆ. ಬೇಸಿಗೆಯಲ್ಲೇ ಒಂದೊಂದು ಮನೆಯವರು ತಮ್ಮ ತಮ್ಮ ಹುತ್ತದ ಪಕ್ಕ ಕೋಲು ನೆಟ್ಟು ತಂಗಡಿ ಸೊಪ್ಪು ಕಟ್ಟಿಬಿಡುತ್ತಾರೆ. ಸೊಪ್ಪು ಕಟ್ಟಿದ ಹುತ್ತದ ಈಸುಳ್ಳಿ ಆ ಮನೆಯದು, ಬೇರೆಯವರು ಕೈ ಹಾಕುವಂತಿಲ್ಲ. ಆ ಮನೆಯವರಿಗೂ ಒಂದು ಕಟ್ಟುಪಾಡಿದೆ. ಈಸುಳ್ಳಿ ತಾವಾಗಿ ಎದ್ದಾಗ ಹಿಡಿಯಬೇಕೇ ಹೊರತು ಹುತ್ತಕ್ಕೆ ಗುದ್ದಲಿ ತಾಗಿಸಬಾರದು. ಹಿಡಿದದ್ದನ್ನು ಬಾಂಡ್ಲಿಯಲ್ಲಿ ಹುರಿದು, ಮೊರದಲ್ಲಿ ಕೇರಿ ರೆಕ್ಕೆ ಹಾರಿಸಿ, ಪುರಿ, ಹುರಿಗಡಲೆ, ಬೆಳ್ಳುಳ್ಳಿ ಖಾರದ ಜೊತೆ ಕಲಸಿಟ್ಟರೆ ಮಳೆಗಾಲದ ಸಂಜೆಗಳಿಗೆ ಅದಕ್ಕಿಂತ ರುಚಿ ಬೇರೆಯಿಲ್ಲ.

ಒಮ್ಮೆ ನಾನು ಅದನ್ನು ಡಬ್ಬಿಗೆ ಹಾಕಿಕೊಂಡು ಕಾಲೇಜಿಗೆ ಹೋಗಿದ್ದೆ. ಮೇಷ್ಟ್ರ ಮೂಗಿಗೆ ವಾಸನೆ ಬಡಿಯಿತು. ಡಬ್ಬಿ ತೆಗೆಸಿ, ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದು, "ನೋಡ್ರಪ್ಪಾ, ಹುಳ ತಿನ್ನೋ ಜನ ಹುಳದ ಸೈನ್ಸ್ ಓದೋಕೆ ಬಂದವ್ರೆ" ಎಂದರು. ಕ್ಲಾಸು ನಕ್ಕಿತು. ಈಗ 'ರೆಕ್ಕೆ ಕೊಟ್ಟ ಗುರು' ಎಂದು ಬರೆದವನು ಎಲ್ಲರಿಗಿಂತ ಜೋರಾಗಿ ನಕ್ಕ. ಪಾವಗಡದ ಕಡೆ ಇದನ್ನೇ ಉಸಿಳ್ಳು ಎಂದು ಕರೆದು ನಮಗಿಂತ ಹೆಚ್ಚು ಇಷ್ಟಪಟ್ಟು ತಿನ್ನುತ್ತಾರೆಂದು ಆಗ ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ಕೊನೆಯ ವರ್ಷದಲ್ಲಿ ನನ್ನ ಹಣೆಬರಹ ಅವರ ಕೈಗೆ ಸಿಕ್ಕಿಕೊಂಡಿತು. ಬೆಂಗಳೂರಿನ ಒಂದು ದೊಡ್ಡ ಸಂಶೋಧನಾ ಸಂಸ್ಥೆ ಬೇಸಿಗೆ ರಜೆಯಲ್ಲಿ ನಮ್ಮಂಥ ಕಾಲೇಜುಗಳ ಕೆಲವು ಮಕ್ಕಳನ್ನು ಕರೆಸಿಕೊಂಡು ತಮ್ಮ ಲ್ಯಾಬಿನಲ್ಲಿ ಕೆಲಸ ಕಲಿಸುತ್ತಿತ್ತು. ಚೆನ್ನಾಗಿ ಮಾಡಿದವರಿಗೆ ಅಲ್ಲೇ ಮುಂದೆ ಓದುವ ದಾರಿಯೂ ತೆರೆಯುತ್ತಿತ್ತು. ಅರ್ಜಿ ಹಾಕುವವರು ಒಂದು ಸಣ್ಣ ಕೆಲಸ ಮಾಡಿ, ಅದರ ಸ್ಲೈಡುಗಳನ್ನು ಮೇಷ್ಟ್ರ ಸಹಿಯೊಂದಿಗೆ ಕಳಿಸಬೇಕು. ನಾನು ಈಸುಳ್ಳಿ ಮರಿಗಳನ್ನು ಆರಿಸಿಕೊಂಡೆ. ರೆಕ್ಕೆಯ ಮೊಗ್ಗಿನ ಕೆಳಗೆ ಸ್ನಾಯು ಹೇಗೆ ಬೆಳೆಯುತ್ತದೆಂದು ಸೀಳಿ ತೋರಿಸಬೇಕು, ಅಷ್ಟೇ. ಆದರೆ ಮರಿಗಳು ಹುತ್ತದ ಹೊರಗೆ ಬರುವುದಿಲ್ಲ. ಮಳೆಗೆ ಮುಂಚೆ ಹುತ್ತ ಅಗೆಯಬೇಕು.

ನಮ್ಮಜ್ಜಿಯನ್ನು ಒಪ್ಪಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಅವಳು ರಾಗಿ ಬೀಸುತ್ತ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ, "ಸೊಪ್ ಕಟ್ಟಿದ್ ಹುತ್ತಕ್ಕೆ ನಾವೇ ಗುದ್ಲಿ ಆಕಿದ್ರೆ ಊರೋರು ಏನಂದಾರು? ಅಂದ್ಕಳ್ಲಿ ಬುಡು. ನೀನು ಬೆಂಗ್ಳೂರ್ಗೆ ಓಗಿ ಓದ್ತೀಯ ಅಂದ್ರೆ ಈ ಸಲ ಈಸುಳ್ಳಿ ತಿನ್ನದಿದ್ರೂ ಆಯ್ತದೆ ಕಣೆ" ಎಂದಳು. ಊರವರು ಅಂದರು. ವರ್ಷವಿಡೀ ಅಂದರು. ಅಜ್ಜಿ ನನ್ನ ಮುಂದೆ ಅದನ್ನು ಎತ್ತಲಿಲ್ಲ.

ಮೇಷ್ಟ್ರು ಬಿಳಿ ಪ್ಯಾಂಟು, ತಲೆಗೆ ಹ್ಯಾಟು ಹಾಕಿಕೊಂಡು ನಮ್ಮ ಹೊಲಕ್ಕೆ ಬಂದರು. ಗುದ್ದಲಿ ಹಿಡಿದದ್ದು ನನ್ನ ಚಿಕ್ಕಪ್ಪ. ಮೇಷ್ಟ್ರು ಬದುವಿನ ಮೇಲೆ ನಿಂತು ಅಪ್ಪಣೆ ಕೊಡುತ್ತಿದ್ದರು. ಹುತ್ತದ ನೆತ್ತಿ ಒಡೆದು ಒಂದು ಮೊಳ ಒಳಗೆ ಹೋಗುವಷ್ಟರಲ್ಲಿ ಮರಿಗಳು ಸಿಕ್ಕವು. ಅಕ್ಕಿ ನುಚ್ಚಿನಂಥ ಬಿಳಿ ಮೈ, ಬೆನ್ನ ಮೇಲೆ ಪುಟ್ಟ ಮೊಗ್ಗುಗಳು. "ರಾಣೀನೂ ಬೇಕು, ಇನ್ನೂ ಅಗೀರಿ" ಎನ್ನುತ್ತ ಮೇಷ್ಟ್ರು ಬಾಟಲಿ ಹಿಡಿದು ಬಗ್ಗಿದರು. ಅಷ್ಟರಲ್ಲಿ ಕಾವಲಿನ ಗೆದ್ದಲೊಂದು ಅವರ ಹೆಬ್ಬೆರಳಿಗೆ ಕಚ್ಚಿಕೊಂಡಿತು. ಸಾಸಿವೆ ಗಾತ್ರದ ತಲೆಯ ಹುಳು ಅದು. ಮೇಷ್ಟ್ರು ಕೈ ಕೊಡವಿ ಹೌಹಾರಿ, ಬದು ಹಾರಿ, ಹ್ಯಾಟು ಬೀಳಿಸಿಕೊಂಡು, "ಸಾಕು, ಸಾಕು, ಮುಚ್ರಿ" ಎಂದರು. ಜೀವನವಿಡೀ ಕೀಟಗಳ ಪಾಠ ಮಾಡಿದವರಿಗೆ ಜೀವಂತ ಕೀಟ ಮುಟ್ಟಿದ್ದು ಅದೇ ಮೊದಲಿರಬೇಕು.

ಮನೆಗೆ ಬಂದು ಮಜ್ಜಿಗೆ ಕುಡಿದರು. ಹಿಂದಿನ ವರ್ಷದ ಹುರಿದ ಈಸುಳ್ಳಿ ಡಬ್ಬದ ತಳದಲ್ಲಿ ಉಳಿದಿತ್ತು. ಅಜ್ಜಿ ಉಪಚಾರಕ್ಕೆಂದು ತಟ್ಟೆಯಲ್ಲಿಟ್ಟಳು. ನನಗೆ ಡಬ್ಬಿಯ ಪ್ರಸಂಗ ನೆನಪಾಗಿ ಮುಖ ಬಿಸಿಯಾಯಿತು. ಅವರು ಸುತ್ತ ನೋಡಿ, ಕಾಲೇಜಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಟ್ಟೆ ಖಾಲಿ ಮಾಡಿದರು. ಉಳಿದದ್ದನ್ನು ಕರ್ಚೀಫಿಗೆ ಕಟ್ಟಿಸಿಕೊಂಡು, "ಸ್ಯಾಂಪಲ್ ಇರ್ಲಿ" ಎಂದರು. ಅವರು ಹೋದ ಮೇಲೆ ಅಜ್ಜಿ, "ನಿಮ್ ಮೇಷ್ಟ್ರು ಸ್ಯಾಂಪಲ್ನ ಚೆನ್ನಾಗಿ ಅಗಿದ್ರು ಬುಡು" ಎಂದು ತಟ್ಟೆ ತೊಳೆಯಲು ಎದ್ದಳು.

ಮರಿಗಳು ಫಾರ್ಮಲಿನ್ ಬಾಟಲಿ ಸೇರಿದವು, ಬಾಟಲಿ ಅವರ ಮೇಜು ಸೇರಿತು. ಇನ್ನು ಮರಿಯನ್ನು ಮೇಣದಲ್ಲಿ ಹುದುಗಿಸಿ, ಕಾಗದಕ್ಕಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಅಂಟಿಸಬೇಕು. ಸೀಳುವುದಕ್ಕೆ ಮೈಕ್ರೋಟೋಮ್ ಎಂಬ ಯಂತ್ರ ಇದೆ. ನಮ್ಮ ಕಾಲೇಜಿನಲ್ಲೂ ಒಂದಿತ್ತು, ಬೀರುವಿನೊಳಗೆ. ಬೀಗದ ಕೈ ಮೇಷ್ಟ್ರ ಸ್ಕೂಟರ್ ಕೀಲಿಯ ಗೊಂಚಲಿನಲ್ಲಿ. ನಾನು ದಿನಾ ಅವರ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. "ಸರ್, ಸ್ಲೈಡು." "ಚೂದ್ದಾಂ." "ಸರ್, ಕಳಿಸೋಕೆ ಟೈಮಾಗ್ತಾ ಬಂತು." "ಅವಸರ ಪಟ್ಟರೆ ಸೈನ್ಸ್ ಆಗಲ್ಲಮ್ಮಾ, ಚೂದ್ದಾಂ."

ಕಳಿಸಬೇಕಾದ ದಿನ ಹತ್ತಿರವಾದಾಗ ನಾನು ಬಾಗಿಲಿನಿಂದ ಕದಲಲಿಲ್ಲ. ನನ್ನ ಬಾಯಿ ಮುಚ್ಚಿಸಲೆಂದೇ ಅವರು ಎದ್ದು ಬೀರು ತೆರೆದರು. ಯಂತ್ರ ಅಲ್ಲಿತ್ತು. ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು, ಅದರ ಮೇಲಿನ ಟೇಪು ಹಳದಿಯಾಗಿತ್ತು. ಬಿಚ್ಚಿಯೇ ಇರಲಿಲ್ಲ. ನಾನು ಟೇಪು ನೋಡಿದ್ದನ್ನು ಅವರು ನೋಡಿದರು. "ತುಂಬಾ ಡೆಲಿಕೇಟ್ ಮಿಷನ್ನು, ಇದನ್ನ ಮುಟ್ಟೋ ಅಧಿಕಾರ ನಂಗೊಬ್ಬನಿಗೇ" ಎಂದು ಬೀರು ಮುಚ್ಚಿ ಬೀಗ ಹಾಕಿದರು. ಆ ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ಪ್ರಬಂಧ ಏಕೆ ಮುಗಿಯುವುದಿಲ್ಲ, ಕಂಸ ಏಕೆ ತೆಗೆಯುವುದಿಲ್ಲ, ಎಲ್ಲವೂ. ಗೊತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ನಾನು ತುಮಕೂರಿಗೋ ಸಿರಾಕ್ಕೋ ಓಡಿಹೋಗಿ, ಗೊತ್ತಿದ್ದವರ ಕಾಲು ಹಿಡಿದು ಮಾಡಿಸಿಕೊಂಡು ಬರುತ್ತಿದ್ದೆ. ಆ ಒಂದು ಮಾತಿಗೆ ಅವರ ನಾಲಿಗೆ ಹೊರಳಲಿಲ್ಲ. ಹೋಗಲಿ, ಆ ಬಾಟಲಿಯನ್ನಾದರೂ ಕೊಡಿ ಸರ್ ಎಂದೆ. ಅದು ಡಿಪಾರ್ಟ್‌ಮೆಂಟ್ ಆಸ್ತಿ ಎಂದರು.

ನಾನು ಅಳುತ್ತಿದ್ದೆ. ಅವರು ಸಮಾಧಾನ ಹೇಳುವವರ ಧಾಟಿಯಲ್ಲಿ ಕುರ್ಚಿಗೆ ಒರಗಿ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ನೋಡಮ್ಮಾ, ಹೆಣ್ಣು ಈಸುಳ್ಳಿ ಏನ್ ಮಾಡುತ್ತೆ? ಕೆಳಗಿಳಿದ ಮೇಲೆ ರೆಕ್ಕೆ ತಾನೇ ಉದುರಿಸ್ಕೊಳುತ್ತೆ. ಮಣ್ಣೊಳಗೆ ಸೇರ್ಕೊಂಡು, ಹಾರೋ ಸ್ನಾಯು ಕರಗಿಸಿ, ಅದರಲ್ಲೇ ಮೊದಲ ಮಕ್ಕಳನ್ನ ಸಾಕುತ್ತೆ. ಅದು ಪ್ರಕೃತಿ. ನಿಮ್ಮಪ್ಪ ಸಿಕ್ಕಿದ್ರು, ನಿಂಗೆ ಗಂಡು ನೋಡ್ತಾವ್ರಂತೆ. ಅದಕ್ಕೆ ಯಾಕಿಷ್ಟು ಒದ್ದಾಟ?"

ನಾನು ಕಣ್ಣೊರೆಸಿಕೊಂಡೆ. "ಅದು ಮೊದಲು ಹಾರುತ್ತೆ, ಅಲ್ವಾ ಸರ್?" ಎಂದೆ.

ಅವರು ಕನ್ನಡಕ ಒರೆಸಿಕೊಂಡು, "ಅದು ಪರೀಕ್ಷೆಗೆ ಬರಲ್ಲ ಕಣಮ್ಮ" ಎಂದರು.

ಬೆಂಗಳೂರಿಗೆ ಏನೂ ಹೋಗಲಿಲ್ಲ. ಮುಂದಿನ ವರ್ಷ ಚೂದ್ದಾಂ ಎಂದರು. ಕೊನೆಯ ವರ್ಷದವಳಿಗೆ ಮುಂದಿನ ವರ್ಷ ಎಲ್ಲಿಯದು? ಮದುವೆಯಾಯಿತು, ಬಿ.ಎಡ್. ಆಯಿತು, ಕೆಲಸ ಸಿಕ್ಕಿತು. ನನ್ನ ಬದುಕು ಕೆಟ್ಟದ್ದಲ್ಲ. ಮಕ್ಕಳಿಗೆ ಪಾಠ ಮಾಡುವುದು ನನಗೆ ಇಷ್ಟ. ಆದರೆ ನಾನು ಹೋಗಬೇಕೆಂದಿದ್ದ ಕಡೆ ಹೋಗಲಿಲ್ಲ, ಒಬ್ಬ ಸೋಮಾರಿಯ ಜಂಭ ಅಡ್ಡ ನಿಂತಿದ್ದರಿಂದ ಹೋಗಲಿಲ್ಲ. ಅದನ್ನು ನಾನು ಮರೆತಿಲ್ಲ, ಅವರು ಸತ್ತರೆಂದು ಮರೆಯುವ ಯೋಚನೆಯೂ ಇಲ್ಲ.

ಸುದ್ದಿ ಬಂದ ಮೇಲೆ ಮನೆಯವರನ್ನು ಮಾತನಾಡಿಸಿಕೊಂಡು ಬರಲು ಬ್ಯಾಚಿನವರ ಜೊತೆ ಅವರ ಮನೆಗೆ ಹೋಗಿದ್ದೆ. ಹಾಲಿನ ಶೋಕೇಸಿನಲ್ಲಿ ಸನ್ಮಾನದ ಗಡಿಯಾರಗಳು, ಗಂಧದ ಹಾರ, ಅವುಗಳ ನಡುವೆ ಆ ಬಾಟಲಿ. ಡಿಪಾರ್ಟ್‌ಮೆಂಟ್ ಆಸ್ತಿ ನಿವೃತ್ತಿಯ ದಿನ ಅವರ ಜೊತೆಗೇ ಮನೆಗೆ ಬಂದಿತ್ತು. ಅವರ ಹೆಂಡತಿ ಪಾಪದವರು. "ಬಂದೋರಿಗೆಲ್ಲ ತೋರಿಸ್ತಿದ್ರಮ್ಮಾ, ನನ್ ರಿಸರ್ಚು ಅಂತ. ನಂಗೆ ಅದನ್ನ ನೋಡಿದ್ರೆ ಭಯ. ಯಾರಾದ್ರೂ ತಗೊಂಡ್ ಹೋಗ್ರಮ್ಮಾ" ಎಂದರು. ಬ್ಯಾಚಿನವರು ಹಿಂದೆ ಸರಿದರು. ನಾನು ಎತ್ತಿಕೊಂಡೆ. ಚೀಟಿಯ ಮೇಲೆ ಅವರ ಹೆಸರಿತ್ತು, ಡಿಗ್ರಿಗಳಿದ್ದವು, ಕಂಸವೂ ಇತ್ತು. ಹುಳುವಿನ ಹೆಸರು ಬರೆಯುವ ಜಾಗ ಖಾಲಿಯಿತ್ತು.

ಮಾರನೆಯ ದಿನ ಶಾಲೆಯ ಲ್ಯಾಬಿನಲ್ಲಿ ಒಂದು ಮರಿಯನ್ನು ಹೊರತೆಗೆದೆ. ಅದು ಕರಗಿ ಹಿಟ್ಟಾಗಿರುತ್ತದೆ, ಒಳಗೆ ಏನೂ ಉಳಿದಿರುವುದಿಲ್ಲ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಹಾಗಾಗಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು. ಹೊಸ ಶೇವಿಂಗ್ ಬ್ಲೇಡಿನಿಂದ ಎದೆಯನ್ನು ಉದ್ದಕ್ಕೆ ಸೀಳಿ, ಮಕ್ಕಳ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ರೆಕ್ಕೆಯ ಮೊಗ್ಗಿನ ಅಡಿಯಲ್ಲಿ, ಕಂತೆ ಕಟ್ಟಿಟ್ಟ ರಾಗಿಹುಲ್ಲಿನ ಹಾಗೆ, ನಸುಬಿಳಿಯ ನಾರುಗಳು ಒತ್ತೊತ್ತಾಗಿ ಕಂಡವು. ಎಲ್ಲ ಇತ್ತು. ಮೇಜಿನ ಮೇಲಿಟ್ಟಿದ್ದ ಟೀ ಇನ್ನೂ ಆರಿರಲಿಲ್ಲ. ಯಂತ್ರದ ಸೊಗಸಿಲ್ಲ, ನಿಜ, ಆದರೆ ಇಷ್ಟನ್ನು ಅವತ್ತು ಒಂದು ಬ್ಲೇಡಿನಲ್ಲಿ ಸೀಳಿ ಕಳಿಸಿದ್ದರೂ ಯಾರಾದರೂ ಕಣ್ಣೆತ್ತಿ ನೋಡುತ್ತಿದ್ದರು. ಅಷ್ಟು ಸಣ್ಣ ಕೆಲಸಕ್ಕೆ ಬೀಗ ಹಾಕಿ ಅದರ ಮೇಲೆ ಕೂತಿದ್ದ ಆ ಮನುಷ್ಯನನ್ನು ನೆನೆದು ಲ್ಯಾಬಿನ ಬಾಗಿಲು ಹಾಕಿಕೊಂಡು ಬಾಯಿಗೆ ಬಂದಂತೆ ಬೈದೆ. ಸತ್ತವರಿಗೆ ಕೇಳಿಸುವುದಿಲ್ಲ ಎನ್ನುವುದೊಂದೇ ನನ್ನ ಬೇಜಾರು.

ಆ ವಾರವೇ ಮಳೆ ಬಿತ್ತು. ನಾನು ತವರಿನಲ್ಲಿದ್ದೆ. ಅಜ್ಜಿ ಈಗಿಲ್ಲ, ತಂಗಡಿ ಸೊಪ್ಪು ಕಟ್ಟುವುದು ಅಮ್ಮ. ಅದೇ ಹುತ್ತ. ಅವತ್ತು ಒಡೆದ ನೆತ್ತಿಯನ್ನು ಗೆದ್ದಲು ಎಂದೋ ಕಟ್ಟಿ ಮುಗಿಸಿ, ಈಗ ನನ್ನೆದೆಯ ಮಟ್ಟಕ್ಕೆ ಬೆಳೆಸಿವೆ. ಮಳೆ ನಿಂತ ಸಂಜೆ ಅಮ್ಮ ಹಳೆಯ ಸೀರೆ, ಲಾಟೀನು, ಬಿಂದಿಗೆ ಎತ್ತಿಕೊಂಡು ನನ್ನನ್ನು ಕರೆದುಕೊಂಡು ಹೋದಳು. ಮೇಷ್ಟ್ರು ಹೋದ ಸುದ್ದಿ ಹೇಳಿದೆ.

"ಅಯ್ಯೋ ಪಾಪ. ಅವತ್ತು ಅವ್ರು ಇನ್ನೊಂದು ಮೊಳ ಅಗೆಸಿದ್ರೆ ರಾಣಿನೇ ಸಿಕ್ಬುಡ್ತಿತ್ತು ಕಣೆ. ಆಮ್ಯಾಕೆ ಈ ಹುತ್ತ ಎಲ್ಲಿರ್ತಿತ್ತು? ಅರ್ಧಕ್ಕೇ ಬುಟ್ಟು ಓಡೋದ್ರಲ್ಲ, ಪುಣ್ಯಾತ್ಮರು" ಎಂದಳು ಅಮ್ಮ.

ಆ ಮನುಷ್ಯನ ಬಗ್ಗೆ ನಾನು ಕೇಳಿದ ಹೊಗಳಿಕೆಗಳಲ್ಲಿ ನಿಜವಾದದ್ದು ಅದೊಂದೇ. ಬದುವಿನ ಮೇಲೆ ಕೂತು ಗುಂಪಿಗೆ ನನ್ನ ಎರಡು ಸಾಲು ಬರೆದೆ: 'ಸರ್ ಯಾವ ಕೆಲಸವನ್ನೂ ಅರ್ಧಕ್ಕಿಂತ ಹೆಚ್ಚು ಮಾಡಿದವರಲ್ಲ. ಅದರಿಂದಾಗಿ ನಮ್ಮೂರಲ್ಲಿ ಒಂದು ಹುತ್ತ ಉಳಿದಿದೆ.' ಕಳಿಸಿದ ಕೂಡಲೇ ಕೈಮುಗಿದ ಚಿತ್ರಗಳು ಬಂದವು. ಯಾರೂ ಓದಿರಲಿಲ್ಲ.

ಹುತ್ತದ ಬಾಯಿಗಳು ತೆರೆದುಕೊಂಡವು. ಕಾವಲಿನವು ಮೊದಲು ಬಂದು ಅಂಚಿನಲ್ಲಿ ನಿಂತವು, ಅವುಗಳ ಹಿಂದೆ ಈಸುಳ್ಳಿ ಒತ್ತರಿಸಿಕೊಂಡು ಏಳತೊಡಗಿದವು. ಅಮ್ಮ ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟು, "ಊಂ, ಮುಚ್ಚು" ಎಂದಳು.

"ಒಸಿ ತಡಿ ಅಮ್ಮ. ಮೊದಲು ಹಾರ್ಲಿ."

"ಹಾರೋದ್ರೆ ಏನ್ನ ತಿನ್ನಾದೆ?" ಎಂದಳು. ಆದರೆ ನನ್ನ ಮುಖ ನೋಡಿ ತಾನೂ ಕೈ ಇಳಿಸಿದಳು. ಆ ವರ್ಷ ನಮಗೆ ಅರ್ಧ ಬಿಂದಿಗೆಯೂ ಸಿಗಲಿಲ್ಲ.